ಕಿವಿ ಕೇಳದ ಮಗನಿಗೆ ಐಕ್ಯೂ ಟೆಸ್ಟ್ ಮಾಡಿಸಿ ಅಂತ ಶಾಲೆಯಲ್ಲಿ ಹೇಳಿದ್ದಾರೆ, ದಾವಣಗೆರೆಯಲ್ಲಿ ಎಲ್ಲಿಗೆ ಹೋಗಬೇಕು?

ಎಲ್ಲಿ ಅನ್ನೋದಕ್ಕಿಂತ ಮೊದಲು ಯಾವ ಟೆಸ್ಟ್ ಅಂತ ಕೇಳಿ. ನಮ್ಮ ಅಕ್ಕನ ಮಗನಿಗೆ ಒಂದು ಕಡೆ ಬಾಯಲ್ಲೇ ಪ್ರಶ್ನೆ ಕೇಳಿ, ಅದೂ ಮಾಸ್ಕ್ ಹಾಕಿಕೊಂಡು, 'ಬುದ್ಧಿ ಕಡಿಮೆ' ಅಂತ ಬರೆದುಕೊಟ್ಟಿದ್ದರು. ತುಟಿಯೇ ಕಾಣದಿದ್ದರೆ ಆ ಹುಡುಗ ಏನು ಹೇಳಬೇಕು? ಆಮೇಲೆ ಬೇರೆಯವರು ಸೆಗ್ವಿನ್ ಫಾರ್ಮ್ ಬೋರ್ಡ್ ಇಟ್ಟರು. ಮರದ 10 ಆಕಾರಗಳನ್ನು ಅದರದರ ಗುಳಿಯಲ್ಲಿ ಕೂರಿಸಬೇಕು, ಎಷ್ಟು ಸೆಕೆಂಡ್ ಆಯ್ತು ಅಂತ ಬರೆದುಕೊಳ್ಳುತ್ತಾರೆ. ಪಟಪಟ ಅಂತ ಮುಗಿಸಿ, ಇಷ್ಟೇನಾ ಅನ್ನೋ ಹಾಗೆ ನೋಡಿದ!

ಮಾತಿನ ಟೆಸ್ಟ್‌ನಲ್ಲಿ ಮಗುವಿಗೆ ಎಷ್ಟು ಕನ್ನಡ ಕಿವಿಗೆ ಬಿದ್ದಿದೆ ಅನ್ನೋದೇ ಜಾಸ್ತಿ ಅಳತೆಗೆ ಬರುತ್ತೆ. ಅದಕ್ಕೇ ಮಾತು ಬೇಡದ ಟೆಸ್ಟ್ ಕೇಳಿ. ರೇವನ್ಸ್ ಅಂತ ಒಂದಿದೆ, ಚಿತ್ರದಲ್ಲಿ ಬಿಟ್ಟುಹೋದ ತುಂಡನ್ನು ಬೆರಳಿಟ್ಟು ತೋರಿಸಿದರೆ ಸಾಕು. ಮಗನಿಗೆ ಸನ್ನೆ ಭಾಷೆ ಬರುತ್ತೆ ಅಂದ್ರೆ ಅದು ಗೊತ್ತಿರುವವರು ಜೊತೆಗಿರಲೇಬೇಕು. ಹೊಸ ಆಡಿಯೋಗ್ರಾಮ್ (ಕಿವಿ ಎಷ್ಟು ಕೇಳುತ್ತೆ ಅಂತ ತೋರಿಸುವ ವರದಿ) ತಗೊಂಡು ಹೋಗಿ, ಹಿಯರಿಂಗ್ ಏಡ್ ಇದ್ದರೆ ಬೆಳಿಗ್ಗೆಯೇ ಬ್ಯಾಟರಿ ನೋಡಿಕೊಳ್ಳಿ (ನಾವು ಮರೆತಿದ್ವಿ).

ಊರಲ್ಲೇ ಕೇಂದ್ರ ಸರ್ಕಾರದ ಸಿಆರ್‌ಸಿ (ಕಾಂಪೋಸಿಟ್ ರೀಜನಲ್ ಸೆಂಟರ್) ಇದೆ, ಅಂಗವಿಕಲರ ಪುನರ್ವಸತಿಗೆ ಅಂತಲೇ ಇರೋದು. ಮೊದಲು ಅಲ್ಲಿ ವಿಚಾರಿಸಿ. ಇನ್ನೂ ಅನುಮಾನ ಇದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಅಲ್ಲಿ ಕಿವಿ ಪರೀಕ್ಷೆಯವರೂ ಮನಶ್ಶಾಸ್ತ್ರದವರೂ ಒಂದೇ ಆವರಣದಲ್ಲಿ ಸಿಗ್ತಾರೆ.