ಜಪಾನಿನಲ್ಲಿ ಸರ್ಕಾರಿ ವಿಮೆ ಬೇಕಾ?

ಪ್ರಶ್ನೆ: ಮಗ ಎರಡು ವರ್ಷ ಓದಲು ಒಸಾಕಾಕ್ಕೆ ಹೊರಟಿದ್ದಾನೆ. ಖಾಸಗಿ ವಿಮೆ ಮಾಡಿಸಿದ್ದೇವೆ. ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯೂ ಬೇಕಾ ಮೇಡಂ?

ಉತ್ತರ: ಬೇಕೇ ಬೇಕು. ಮೂರು ತಿಂಗಳಿಗಿಂತ ಜಾಸ್ತಿ ಇರುವ ವಿದ್ಯಾರ್ಥಿಗೆ ಅದು ಕಡ್ಡಾಯ. ಖಾಸಗಿ ಪಾಲಿಸಿ ತೋರಿಸಿದರೆ ಬಿಡುವುದಿಲ್ಲ. ಮನೆ ಸೇರಿದ 14 ದಿನದೊಳಗೆ ವಾರ್ಡ್ ಕಚೇರಿಯಲ್ಲಿ ವಿಳಾಸ ಬರೆಸಬೇಕಲ್ವಾ, ಆಗಲೇ ಇದನ್ನೂ ಮುಗಿಸಲಿ. ರೆಸಿಡೆನ್ಸ್ ಕಾರ್ಡ್, ಪಾಸ್‌ಪೋರ್ಟ್ ಕೈಲಿರಲಿ. ನಾನು ಅಲ್ಲಿ ಓದುವಾಗ ಪಕ್ಕದ ರೂಮಿನ ಹುಡುಗ ‘ಆಮೇಲೆ ನೋಡೋಣ’ ಅಂತ ಸುಮ್ನೆ ಕೂತ. ಹಿಂದಿನ ತಿಂಗಳುಗಳ ಕಂತೂ ಸೇರಿ ಬಿಲ್ ಬಂತು!

ಕಂತು ಹಿಂದಿನ ವರ್ಷದ ಆದಾಯ ನೋಡಿ ನಿಗದಿಯಾಗುತ್ತದೆ. ಆದಾಯವಿಲ್ಲ ಎಂದು ಬರೆದುಕೊಟ್ಟರೆ ಕಡಿಮೆಯಾಗುತ್ತದೆ. ಆ ಫಾರಂ ಮರೆಯಬಾರದು. ಚಿಕಿತ್ಸೆಯ ಬಿಲ್‌ನಲ್ಲಿ ಅವನ ಪಾಲು 30%. ಹಲ್ಲು ಕೀಳಿಸಿದರೂ ಅಷ್ಟೇ.