ತೂತು ಕೊರೆದ ಮಾತ್ರಕ್ಕೆ ತಗಡು ಬೇರೆಯಾಗುವುದಿಲ್ಲ

ಪೀಣ್ಯದ ಓದುಗರೊಬ್ಬರ ಪತ್ರದ ಸಾರ: "ಒಂದೇ ಕಂಟೇನರಿನಲ್ಲಿ ಸತು ಲೇಪಿಸಿದ ತೂತು ತಗಡು, ಪಾತ್ರೆ ಮಾಡಲು ಸ್ಟೇನ್‌ಲೆಸ್ ಸರ್ಕಲ್ (ದುಂಡು ಬಿಲ್ಲೆ), ಶೆಡ್ಡಿಗೆ ಆಂಗಲ್ ತರಿಸಿದೆ. ಕಸ್ಟಮ್ಸ್ ಸುಂಕದ ಪಟ್ಟಿಯಲ್ಲಿ 'ಕತ್ತರಿಸಿ ಕೊರೆದ ಉಕ್ಕು 73ನೇ ಅಧ್ಯಾಯಕ್ಕೆ ಸೇರುತ್ತದೆ' ಎಂದು ನಿಮ್ಮ ಪತ್ರಿಕೆಯೇ ಬರೆದಿತ್ತು. ಅದನ್ನು ನಂಬಿ ತಗಡಿಗೆ 7326 (ಉಕ್ಕಿನ ಇತರ ವಸ್ತುಗಳು) ಎಂಬ ಸುಂಕದ ಸಂಖ್ಯೆ ನಮೂದಿಸಿದೆ. ಉಳಿದೆರಡಕ್ಕೆ ಏಜೆಂಟರು 7219, 7216 ಎಂದು ಬರೆದರು. ಸರಕನ್ನು ಕಣ್ಣಿನಿಂದಲೂ ನೋಡದ ಅಧಿಕಾರಿ ಮೂರನ್ನೂ ತಿರುಗಿಸಿದರು: ತಗಡು 7210, ಸರ್ಕಲ್ 7326, ಆಂಗಲ್ 7308. ಉಕ್ಕು ಉಕ್ಕೇ ಅಲ್ಲವೇ? ಇದಕ್ಕೊಂದು ನಿಯಮವಿದೆಯೋ, ಅವರವರ ಮರ್ಜಿಯೋ?"

ಮೊದಲು ನಮ್ಮ ತಪ್ಪು. ನೀವು ಉದ್ಧರಿಸಿದ ಆ ವಾಕ್ಯ ಸುಳ್ಳು. ಅದನ್ನು ಅಚ್ಚಿಗೆ ಬಿಟ್ಟವನು ನಾನು, ಕ್ಷಮಿಸಿ. 72ನೇ ಅಧ್ಯಾಯ ಕಬ್ಬಿಣ ಮತ್ತು ಉಕ್ಕಿನದು, 73 ಅವುಗಳಿಂದ ಮಾಡಿದ ವಸ್ತುಗಳದು ಎಂಬಷ್ಟನ್ನೇ ಹಿಡಿದು, ಕೊರೆದರೆ ಅದು 'ವಸ್ತು' ಎಂದು ನಾವು ತೀರ್ಮಾನಿಸಿಬಿಟ್ಟೆವು. 1975ರ ಕಸ್ಟಮ್ಸ್ ಟ್ಯಾರಿಫ್ ಕಾಯಿದೆಯ ಮೊದಲ ವ್ಯಾಖ್ಯಾನ ನಿಯಮವೇ ಈ ಓದನ್ನು ಒಪ್ಪುವುದಿಲ್ಲ. ಅಧ್ಯಾಯದ ಹೆಸರು ಹುಡುಕುವ ಅನುಕೂಲಕ್ಕೆ ಮಾತ್ರ; ನಿರ್ಧರಿಸುವುದು ನಾಲ್ಕಂಕಿಯ ಶೀರ್ಷಿಕೆಯ ಪದಗಳು ಮತ್ತು ಅಧ್ಯಾಯದ ಆರಂಭದಲ್ಲಿರುವ ಟಿಪ್ಪಣಿಗಳು. ಸಂಖ್ಯೆ ಹುಡುಕುವ ಆತುರದಲ್ಲಿ ಟಿಪ್ಪಣಿಗಳನ್ನು ಓದುವವರು ಕಡಿಮೆ. ನಾವೂ ಓದಿರಲಿಲ್ಲ.

72ನೇ ಅಧ್ಯಾಯದ ಮೊದಲ ಟಿಪ್ಪಣಿ ಚಪ್ಪಟೆ ಉಕ್ಕು ಎಂದರೇನು ಎಂದು ಅಳತೆ ಹಿಡಿದು ಹೇಳುತ್ತದೆ. ದಪ್ಪ 4.75 ಮಿ.ಮೀ.ಗಿಂತ ಕಡಿಮೆಯಿದ್ದರೆ ಅಗಲ ದಪ್ಪದ ಹತ್ತು ಪಟ್ಟಾದರೂ ಇರಬೇಕು. ತೂತು ಹೊಡೆದದ್ದು, ಅಲೆಯಾಗಿ ಮಡಿಸಿದ್ದು, ಪಾಲಿಶ್ ಮಾಡಿದ್ದು ಎಲ್ಲವೂ ಚಪ್ಪಟೆ ಉಕ್ಕೇ, ಬೇರೆ ಶೀರ್ಷಿಕೆಯ ವಸ್ತುವಿನ ಲಕ್ಷಣ ಪಡೆಯದಿರುವ ತನಕ. ನಿಮ್ಮ 0.8 ಮಿ.ಮೀ. ತಗಡಿನ ಉದ್ದಗಲಕ್ಕೂ ಒಂದೇ ಬಗೆಯ ತೂತುಗಳಿವೆ. ಅದನ್ನು ನೀವೇ ಇಲ್ಲಿ ಬೇಕಾದಂತೆ ಕತ್ತರಿಸಿಕೊಳ್ಳುತ್ತೀರಿ. ಅದು ಲೇಪಿಸಿದ ಚಪ್ಪಟೆ ಉಕ್ಕಿನ 7210. ಈ ವಿಷಯದಲ್ಲಿ ಅಧಿಕಾರಿಯೇ ಸರಿ. ಅವರ ಕಣ್ಣು ಚುರುಕಾಗಲು ಇನ್ನೊಂದು ಕಾರಣವೂ ಇದ್ದಿರಬೇಕು: 2025ರ ಏಪ್ರಿಲ್ 21ರಂದು ಚಪ್ಪಟೆ ಉಕ್ಕಿನ ಮೇಲೆ ಶೇ. 12ರ ತಾತ್ಕಾಲಿಕ ರಕ್ಷಣಾ ಸುಂಕ (ಆಮದಿನ ಹೊಡೆತದಿಂದ ಇಲ್ಲಿನ ಉದ್ಯಮವನ್ನು ಕಾಯುವ ಹೆಚ್ಚುವರಿ ಸುಂಕ) ಬಂದ ಮೇಲೆ, ತಗಡನ್ನು 'ವಸ್ತು' ಎಂದು ಕರೆಯುವ ಪ್ರತಿ ಕಾಗದವೂ ಅನುಮಾನ ಹುಟ್ಟಿಸುತ್ತದೆ.

ಗಿರಣಿ ಕೊಟ್ಟ ಪರೀಕ್ಷಾ ಪ್ರಮಾಣಪತ್ರವನ್ನೂ ಒಮ್ಮೆ ತೆಗೆದು ನೋಡಿ. ಬೋರಾನ್ ಶೇ. 0.0008, ಅಂದರೆ ಟನ್ನಿಗೆ ಎಂಟು ಗ್ರಾಂ ಇದ್ದರೂ ಸಾಕು, ಉಕ್ಕು 'ಇತರ ಮಿಶ್ರಲೋಹ'ವಾಗಿ 7225ಕ್ಕೆ ಹಾರುತ್ತದೆ. ಚೀನಾದ ಗಿರಣಿಗಳು ಮಿಶ್ರಲೋಹಕ್ಕೆ ಸಿಗುತ್ತಿದ್ದ ರಫ್ತಿನ ತೆರಿಗೆ ವಾಪಸಾತಿಗಾಗಿ ವರ್ಷಗಟ್ಟಲೆ ಇದೇ ಚಿಟಿಕೆ ಬೋರಾನ್ ಬೆರೆಸಿದವು. 2015ರ ಜನವರಿ 1ರಿಂದ ಅಲ್ಲಿನ ಸರ್ಕಾರ ಬೋರಾನ್ ಉಕ್ಕಿಗೆ ಆ ವಾಪಸಾತಿಯನ್ನು ನಿಲ್ಲಿಸಿದಾಗ ಕ್ರೋಮಿಯಂಗೆ ಹೊರಳಿದವು. ಸಾರಿಗೆ ಒಗ್ಗರಣೆ ಹಾಕಿದಷ್ಟೇ ಸಲೀಸು.

ಸರ್ಕಲ್ ವಿಷಯಕ್ಕೆ ಬಂದರೆ ನೀವು ಸರಿ, ಅಧಿಕಾರಿ ತಪ್ಪು. ಅದೇ ಟಿಪ್ಪಣಿಯ ಕೊನೆಯಲ್ಲಿ ಒಂದು ತಮಾಷೆಯ ಮಾತಿದೆ. ಚೌಕವೂ ಆಯತವೂ ಅಲ್ಲದ ಚಪ್ಪಟೆ ಉಕ್ಕು ಯಾವ ಗಾತ್ರದ್ದೇ ಇರಲಿ, ಅದನ್ನು 600 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಅಗಲದ್ದೆಂದು ಭಾವಿಸಬೇಕು. ಅಂಗೈಯಗಲದ ಬಿಲ್ಲೆಯೂ ಕಾನೂನಿನ ಕಣ್ಣಿಗೆ ಎರಡಡಿ ಅಗಲ! ಹಾಗಾಗಿ ಅದು ಕಿರಿದಾದ ಪಟ್ಟಿಗಳ 7220 ಅಲ್ಲ, 7219. ಬಿಲ್ಲೆಯಿಂದ ಮುಂದೆ ಪಾತ್ರೆ ಆಗುತ್ತದೆ ಎಂಬ ವಾದ ನಿಲ್ಲುವುದಿಲ್ಲ. ಅಪೂರ್ಣ ವಸ್ತು ಎನ್ನಿಸಿಕೊಳ್ಳಲು ಅದಕ್ಕೆ ಪೂರ್ಣ ವಸ್ತುವಿನ ಆಕಾರದ ಹೋಲಿಕೆ ಇರಬೇಕು. ಸಪಾಟು ಬಿಲ್ಲೆಯಲ್ಲಿ ತಪ್ಪಲೆಯೂ ಕಾಣುವುದಿಲ್ಲ, ಲೋಟವೂ ಕಾಣುವುದಿಲ್ಲ. ಒಂದು ವೇಳೆ ಕಂಡಿತು ಎಂದೇ ಇಟ್ಟುಕೊಳ್ಳೋಣ, ಆಗ ಅದು ಅಡುಗೆ ಸಾಮಾನಿನ 7323 ಆಗಬೇಕಿತ್ತು. 7326 ಎಲ್ಲಿಂದ ಬಂತು? ವರ್ಗೀಕರಣವನ್ನು ಬದಲಿಸುವ ಇಲಾಖೆಯ ಮೇಲೆಯೇ ಸಾಬೀತಿನ ಹೊಣೆ ಎಂದು ಎಚ್‌ಪಿಎಲ್ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ.

ಆಂಗಲ್ ನಿಜವಾಗಿಯೂ ತೊಡಕಿನದು. ಕೊರೆದ ಆಂಗಲ್ 7216ರಲ್ಲೂ ಇರಬಹುದು. ಕಟ್ಟಡದಲ್ಲಿ ಬಳಸಲು 'ಸಿದ್ಧಪಡಿಸಿದ' ಆಂಗಲ್ 7308ಕ್ಕೆ ಹೋಗುತ್ತದೆ. ಎರಡರಲ್ಲೂ ತೂತುಗಳಿವೆ. ಹಾಗಾದರೆ ಗೆರೆ ಎಲ್ಲಿ? ತೂತನ್ನು ಎಣಿಸಬೇಡಿ, ಅದು ಅಲ್ಲೇ ಏಕೆ ಬಿದ್ದಿದೆ ಎಂದು ಕೇಳಿ. ಸಮ ಅಂತರದಲ್ಲಿ ಕೊರೆದು, ಕೊಂಡವರು ಎಲ್ಲಿ ಬೇಕಾದರೂ ಬಳಸಬಹುದಾದ ಮಾಲಾದರೆ 7216ರ ಪರ ಗಟ್ಟಿಯಾಗಿ ವಾದಿಸಬಹುದು. ನಿಮ್ಮ ಪತ್ರದ ಜೊತೆಗಿರುವ ನಕ್ಷೆ ಬೇರೆ ಕತೆ ಹೇಳುತ್ತದೆ. ಪ್ರತಿ ತುಂಡಿಗೂ ಗುರುತು ಸಂಖ್ಯೆಯಿದೆ, ತುದಿಗಳನ್ನು ಓರೆಯಾಗಿ ಕತ್ತರಿಸಲಾಗಿದೆ, ತೂತುಗಳು ಕೂಡುವ ಪ್ಲೇಟಿಗೆ ಸರಿಯಾಗಿ ಹೊಂದುತ್ತವೆ. ಅದು ಬಂದರಿಗೆ ಇಳಿದಾಗಲೇ ಶೆಡ್ಡಿನ ಅಂಗ. 7308 ಸರಿ ಎಂದೇ ನನ್ನ ಅಭಿಪ್ರಾಯ.

ನೋಡದೆಯೇ ತಿರುಗಿಸಿದರು ಎಂಬ ನಿಮ್ಮ ಸಿಟ್ಟು ನ್ಯಾಯವಾದದ್ದು. ಮುಖಾಮುಖಿಯಿಲ್ಲದ ತಪಾಸಣೆ 2020ರ ಜೂನ್ 8ರಂದು ಬೆಂಗಳೂರು ಮತ್ತು ಚೆನ್ನೈಗಳಲ್ಲೇ ಶುರುವಾಯಿತು. ಇಂದು ವೈಟ್‌ಫೀಲ್ಡಿನಲ್ಲಿ ಇಳಿದ ಸರಕಿನ ಕಡತವನ್ನು ಯಾವ ಊರಿನ ಮೇಜಿನಲ್ಲಾದರೂ ತೆರೆಯಬಹುದು. ಇನ್‌ವಾಯ್ಸಿನಲ್ಲಿ 'ಸ್ಟೀಲ್ ಪಾರ್ಟ್ಸ್' ಎಂದಷ್ಟೇ ಇದ್ದರೆ ಆ ಮೇಜಿನವರು ಏನು ಮಾಡಬೇಕು? ದಪ್ಪ, ಅಗಲ, ಲೇಪನ, ನಕ್ಷೆ, ಫೋಟೊ ಎಲ್ಲವನ್ನೂ ಬಿಲ್ ಆಫ್ ಎಂಟ್ರಿಯ (ಆಮದು ಘೋಷಣಾ ಪತ್ರದ) ಜೊತೆಗೇ ಏರಿಸಿ. 2011ರಿಂದ ಸ್ವಯಂ ನಿರ್ಧಾರಣೆ ಜಾರಿಯಲ್ಲಿದೆ, ಸರಿಯಾದ ಸಂಖ್ಯೆ ಬರೆಯುವ ಹೊಣೆ ಆಮದುದಾರನದೇ. ಇದೇ ಸರಕನ್ನು ಮತ್ತೆ ಮತ್ತೆ ತರಿಸುವುದಾದರೆ ಹತ್ತು ಸಾವಿರ ರೂಪಾಯಿ ಕಟ್ಟಿ ಮುಂಗಡ ತೀರ್ಪು ಪ್ರಾಧಿಕಾರದಿಂದ ಉತ್ತರ ಪಡೆಯಿರಿ. ಕಾನೂನೋ ಸಂಗತಿಯೋ ಬದಲಾಗದಿದ್ದರೆ ಅದು ಕೆಲವು ವರ್ಷ ನಡೆಯುತ್ತದೆ.

ಸರ್ಕಲ್ ಕುರಿತ ಮರುನಿರ್ಧಾರಣೆಗೆ ನೀವು ಲಿಖಿತ ಒಪ್ಪಿಗೆ ಕೊಟ್ಟಿದ್ದೀರಾ? ಪತ್ರದಲ್ಲಿ ಅದು ಇಲ್ಲ. ಕೊಟ್ಟಿಲ್ಲವಾದರೆ 1962ರ ಕಸ್ಟಮ್ಸ್ ಕಾಯಿದೆಯ 17ನೇ ಸೆಕ್ಷನ್ನಿನಡಿ ಹದಿನೈದು ದಿನಗಳಲ್ಲಿ ಕಾರಣಸಹಿತ ಆದೇಶ ನಿಮಗೆ ಸಿಗಬೇಕು. ಬಂದಿಲ್ಲದಿದ್ದರೆ ಇಂದೇ ಬರೆದು ಕೇಳಿ. ಆದೇಶ ಕೈಸೇರಿದ ದಿನದಿಂದ ಮೇಲ್ಮನವಿಗೆ ಅರವತ್ತು ದಿನಗಳಿವೆ.