ಹಸನ್‌ಕೇಫ್: ಝೈನೆಲ್ ಬೇ ಗೋರಿ ಈಗ ಎಲ್ಲಿದೆ?

ಟರ್ಕಿಯ ಹಸನ್‌ಕೇಫ್ ಊರಿನ ಝೈನೆಲ್ ಬೇ ಗೋರಿ ಹುಡುಕಿದರೆ ಮ್ಯಾಪ್ ನೀರಿನ ಮಧ್ಯೆ ತೋರಿಸುತ್ತಿದೆ ಅಂದಿರಿ. ಬಹುಶಃ ನೀವು ನೋಡುತ್ತಿರುವುದು ಹಳೇ ಜಾಗದ ಗುರುತು. ಇಲಿಸು ಅಣೆಕಟ್ಟಿನ ಹಿನ್ನೀರು 2020ರಲ್ಲಿ ಟೈಗ್ರಿಸ್ ನದಿ ದಡದ ಹಳೇ ಪೇಟೆಯನ್ನು ಮುಳುಗಿಸಿತು. ಹಳೇ ಪ್ರವಾಸ ಪುಸ್ತಕ ನಂಬಿಕೊಂಡು ನಾನೂ ಹೀಗೇ ಅಲೆದಿದ್ದೆ.

ಮೊದಲು ಆ ಗುರುತು ಅಳಿಸಿ, 'ಹೊಸ ಹಸನ್‌ಕೇಫ್' ಅಂತ ಹುಡುಕಿ. ಬಾತ್ಮನ್ ನಗರದಿಂದ ಮಿನಿಬಸ್ ಹಿಡಿದು ಹೊಸ ಊರಲ್ಲೇ ಇಳಿಯಿರಿ. ಅಲ್ಲಿ ಮ್ಯೂಸಿಯಂ ಕೇಳಿ, ಸ್ಥಳಾಂತರಿಸಿದ ಸ್ಮಾರಕಗಳ ಪಾರ್ಕ್ ಅದರ ಹತ್ತಿರವೇ ಇದೆ. ಸುಮಾರು 1,100 ಟನ್ ತೂಕದ ಗೋರಿಯನ್ನು ಬಿಚ್ಚದೆ, ಇಡಿಯಾಗಿ ಚಕ್ರಗಳ ಮೇಲೆ 2017ರ ಮೇ ತಿಂಗಳಲ್ಲಿ ತಂದು ನಿಲ್ಲಿಸಿದ್ದಾರೆ. ಹತ್ತಿರ ಹೋಗಿ ಗೋಡೆ ನೋಡಿ: ಮಾಸಲು ಇಟ್ಟಿಗೆಯ ನಡುವೆ ನೀಲಿ ಮೆರುಗಿನ ತುಂಡುಗಳು ಅಂಕುಡೊಂಕಾಗಿ ಹರಿದಿವೆ. 1473ರ ಯುದ್ಧದಲ್ಲಿ ಸತ್ತ ಝೈನೆಲ್ ಬೇಗೆ ಕಟ್ಟಿಸಿದ್ದು; ಅವನು ಆಗಿನ ದೊರೆ ಉಜುನ್ ಹಸನ್‌ನ ಮಗ. ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಹೋದರೆ ಆ ನೀಲಿ ಎದ್ದು ಕಾಣುತ್ತದೆ, ದಯವಿಟ್ಟು ಅವಸರ ಮಾಡಬೇಡಿ. ಎಲ್ ರಿಜ್ಕ್ ಮಸೀದಿಯ ಮಿನಾರ್ ಕೂಡ ಹೊಸ ಊರಿಗೇ ಬಂದಿದೆ.

ಹಳೇ ಸೇತುವೆಯ ಕಂಬಗಳನ್ನು ಮಾತ್ರ ಹುಡುಕಬೇಡಿ, ಅವು ನೀರಿನಡಿ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ. ಬಂಡೆಯ ಮೇಲಿನ ಕೋಟೆ ನೀರಿನಿಂದ ಮೇಲಿದೆ, ದೋಣಿಯಿಂದ ಕಾಣುತ್ತದೆ. ಮೇಲೆ ಹತ್ತಲು ಬಿಡುತ್ತಾರೋ ಇಲ್ಲವೋ ಅನ್ನುವುದು ಬದಲಾಗುತ್ತಿರಬಹುದು. ದೋಣಿಗೆ ದುಡ್ಡು ಕೊಡುವ ಮೊದಲೇ ಕೇಳಿಬಿಡಿ.